ಟಕ್ಸ್, ನಿರಿಗೆ, ಫ್ರಿಲ್: ಚಪ್ಪಟೆ ಬಟ್ಟೆಗೆ ಆಕಾರ ಕೊಡುವ ಹೊಲಿಗೆಗಳು

ಹೊಸದಾಗಿ ಬ್ಲೌಸ್ ಹೊಲಿಯುವವರನ್ನು ಮೊದಲು ಕಾಡುವುದು ಟಕ್ಸಿನ, ಅಂದರೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹಿಡಿದ ಹೊಲಿಗೆಯ, ಮೊನೆ. ಅಳತೆ ಸರಿ ಇರುತ್ತದೆ, ಹೊಲಿಗೆಯೂ ನೆಟ್ಟಗಿರುತ್ತದೆ, ಆದರೂ ಮೊನೆಯ ಹತ್ತಿರ ಬಟ್ಟೆ ಗುಳ್ಳೆಯ ಹಾಗೆ ಎದ್ದು ನಿಲ್ಲುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಕೂರುವುದಿಲ್ಲ. ಅಲ್ಲಿ ಕೆಟ್ಟಿರುವುದು ಅಳತೆಯಲ್ಲ, ಹೊಲಿಗೆಯನ್ನು ಮುಗಿಸಿದ ರೀತಿ. ಬಟ್ಟೆಯನ್ನು ಒಂದು ಕಡೆ ಹಿಡಿದರೆ ಅದು ಪಕ್ಕದಲ್ಲಿ ಉಬ್ಬಿಕೊಳ್ಳುತ್ತದೆ. ಹಿಡಿದದ್ದನ್ನು ಮೆಲ್ಲಗೆ, ಸರಿಯಾದ ಜಾಗದಲ್ಲಿ ಬಿಟ್ಟರೆ ಆ ಉಬ್ಬು ಮೈಗೆ ಒಪ್ಪುತ್ತದೆ, ತಟ್ಟನೆ ಬಿಟ್ಟರೆ ಎದ್ದು ಕಾಣುತ್ತದೆ. ಟಕ್ಸಾಗಲಿ, ನಿರಿಗೆಯಾಗಲಿ, ಫ್ರಿಲ್ಲಾಗಲಿ, ತೋಳಿನ ತಲೆಯಾಗಲಿ, ಎಲ್ಲದಕ್ಕೂ ಇದೇ ಲೆಕ್ಕ: ಎಷ್ಟು ಹಿಡಿದೆವು ಎನ್ನುವುದರಷ್ಟೇ ಎಲ್ಲಿ ಬಿಟ್ಟೆವು ಎನ್ನುವುದೂ ಮುಖ್ಯ.

ಒಂದು ಪದದ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳೋಣ. ನಮ್ಮ ಟೈಲರ್ ಅಂಗಡಿಗಳಲ್ಲಿ ಟಕ್ಸ್ ಎಂದು ಕರೆಯುವ ತ್ರಿಕೋನದ ಹಿಡಿತಕ್ಕೆ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಕಾಗದದ ಅಚ್ಚುಗಳ, ಪುಸ್ತಕಗಳಲ್ಲಿ ಡಾರ್ಟ್ ಎಂದಿರುತ್ತದೆ. ಅದೇ ಪುಸ್ತಕಗಳು ಟಕ್ ಎನ್ನುವುದು ಬೇರೆಯದನ್ನು, ಬಟ್ಟೆಯ ಮೇಲೆ ಸಾಲಾಗಿ ಮಡಿಚಿ ಹೊಲಿದ ಸಣ್ಣ ಮಡಿಕೆಗಳನ್ನು. ಇಲ್ಲಿ ಅಂಗಡಿಯ ಮಾತನ್ನೇ ಬಳಸಿದ್ದೇವೆ: ತ್ರಿಕೋನದ್ದು ಟಕ್ಸ್, ಸಾಲು ಮಡಿಕೆಯದು ಪಿನ್ ಟಕ್ಸ್.

ಕತ್ತರಿ ಹಿಡಿಯುವ ಮುಂಚೆ

ಬಟ್ಟೆಯ ಹಾಸಿನ ಎಳೆ, ಅಂದರೆ ಅಂಚಿಗೆ ಸಮಾನಾಂತರವಾಗಿ ಓಡುವ ಎಳೆ, ಕಡಿಮೆ ಹಿಗ್ಗುತ್ತದೆ. ಹೊಕ್ಕಿನ ಎಳೆ ಸ್ವಲ್ಪ ಹಿಗ್ಗುತ್ತದೆ. ಎರಡಕ್ಕೂ ಓರೆಯಾಗಿ 45 ಡಿಗ್ರಿಯಲ್ಲಿ ಎಳೆದರೆ ಬಟ್ಟೆ ರಬ್ಬರಿನ ಹಾಗೆ ಬಗ್ಗುತ್ತದೆ, ಟೈಲರ್‌ಗಳು ಕ್ರಾಸ್ ಎನ್ನುವುದು ಇದನ್ನೇ. ಟಕ್ಸಿನ ಎರಡು ಗೆರೆಗಳಲ್ಲಿ ಒಂದು ನೇರ ಎಳೆಯ ಮೇಲೂ ಇನ್ನೊಂದು ಓರೆಯಾಗಿಯೂ ಬಿದ್ದರೆ ಹೊಲಿಯುವಾಗ ಓರೆಯ ಗೆರೆ ಉದ್ದವಾಗುತ್ತದೆ, ಟಕ್ಸ್ ತಿರುಚಿಕೊಳ್ಳುತ್ತದೆ. ಆದ್ದರಿಂದ ಟಕ್ಸಿನ ನಡುಗೆರೆ ಆದಷ್ಟು ಎಳೆಗುಂಟ ಇರುವಂತೆ ಪ್ಯಾಟರ್ನ್ ಇಡಿ. ಪಕ್ಕದ ಟಕ್ಸ್ ಒಂದಿಷ್ಟು ಓರೆಯಾಗುವುದು ತಪ್ಪುವುದಿಲ್ಲ. ಅದಕ್ಕೆ ಪಿನ್ ಹಾಕುವಾಗ ಮೊದಲು ಎರಡೂ ತುದಿಗೆ, ಆಮೇಲೆ ನಡುವೆ ಹಾಕಿದರೆ ಎಳೆತ ಸಮನಾಗಿ ಹಂಚಿಹೋಗುತ್ತದೆ.

ಲೈನಿಂಗಿನ ಹತ್ತಿ ಬಟ್ಟೆಯನ್ನು ಕನಿಷ್ಠ ಎರಡು ಗಂಟೆ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಇದನ್ನು ಬಿಟ್ಟವರ ಬ್ಲೌಸ್ ಮೊದಲ ಒಗೆತಕ್ಕೇ ಹಾಳಾಗುತ್ತದೆ. ಲೈನಿಂಗ್ ಕುಗ್ಗುತ್ತದೆ, ಮೇಲಿನ ರೇಷ್ಮೆ ಅಷ್ಟು ಕುಗ್ಗುವುದಿಲ್ಲ, ಟಕ್ಸಿನ ಸುತ್ತ ಬಟ್ಟೆ ಸುಕ್ಕುಗಟ್ಟುತ್ತದೆ. ಆಗ ಬಿಚ್ಚಿ ಹೊಲಿದರೂ ಸರಿಹೋಗದು.

ಸೂಜಿ, ರೇಷ್ಮೆಗೂ ಜಾರ್ಜೆಟ್‌ಗೂ 11ನೇ ನಂಬರ್. ಬ್ಲೌಸ್ ಬಟ್ಟೆಯಾದ ರುಬಿಯಾ, ಪಾಪ್ಲಿನ್‌ಗೆ 14. ದಪ್ಪ ಬಟ್ಟೆಗೆ 16. ಮೊಂಡಾದ ಸೂಜಿ ರೇಷ್ಮೆಯ ಎಳೆಯನ್ನು ಎಳೆದುಬಿಡುತ್ತದೆ, ಹೊಲಿಗೆಯ ಉದ್ದಕ್ಕೂ ಅಡ್ಡ ಗೀರುಗಳು ಮೂಡುತ್ತವೆ. ಹೊಲಿಗೆಯ ಉದ್ದ ಸಾಮಾನ್ಯ ಕೆಲಸಕ್ಕೆ 2.5 ಮಿಲಿಮೀಟರ್, ಅಂದರೆ ಇಂಚಿಗೆ ಸುಮಾರು 10 ಕುಟ್ಟು (ಬಿಡಿ ಹೊಲಿಗೆ). ಹಳೆಯ ಕಾಲ್ತುಳಿತದ ಮಿಷನ್‌ಗಳಲ್ಲಿ ಅಂಕಿಯನ್ನು ನಂಬಬೇಡಿ, ಚೂರು ಬಟ್ಟೆಯ ಮೇಲೆ ಹೊಲಿದು ಒಂದು ಇಂಚಿಗೆ ಎಷ್ಟು ಕುಟ್ಟು ಬಿದ್ದವೆಂದು ಎಣಿಸಿ.

ಬ್ಲೌಸಿನ ನಾಲ್ಕು ಟಕ್ಸ್

ಆಕಾರದ ಹೊಲಿಗೆ ಕಲಿಯಲು ನಾಲ್ಕು ಟಕ್ಸಿನ ಬ್ಲೌಸಿಗಿಂತ ಒಳ್ಳೆಯ ಪಾಠ ಇಲ್ಲ. ಮುಂಭಾಗದ ಒಂದು ಪೀಸಿನಲ್ಲಿ ಸೊಂಟದಿಂದ ಮೇಲಕ್ಕೆ ಒಂದು, ಹುಕ್ ಪಟ್ಟಿಯ ಕಡೆಯಿಂದ ಒಂದು, ಕಂಕುಳಿನಿಂದ ಒಂದು, ಪಕ್ಕದಿಂದ ಒಂದು ಟಕ್ಸ್ ಬರುತ್ತದೆ. ನಾಲ್ಕೂ ಎದೆಯ ಪಾಯಿಂಟಿನ, ಅಂದರೆ ಎದೆಯ ಉಬ್ಬಿನ ತುದಿಯ, ಕಡೆಗೇ ನೋಡುತ್ತವೆ, ಆದರೆ ಒಂದೂ ಪಾಯಿಂಟನ್ನು ಮುಟ್ಟುವುದಿಲ್ಲ.

ಮೊದಲು ಎರಡು ಅಳತೆ ಬೇಕು. ಭುಜದ ಮೇಲ್ತುದಿಯಿಂದ ಪಾಯಿಂಟಿನವರೆಗೆ ಒಂದು, ಪಾಯಿಂಟಿನಿಂದ ಪಾಯಿಂಟಿಗೆ ಇನ್ನೊಂದು. ಬ್ಲೌಸಿನ ಒಳಗೆ ಯಾವ ಒಳಉಡುಪು ಹಾಕುತ್ತಾರೋ ಅದನ್ನೇ ತೊಟ್ಟು ಅಳೆಯಬೇಕು. 36 ಇಂಚು ಎದೆಯ ಅಳತೆಗೆ ಉದಾಹರಣೆಯಾಗಿ, ಭುಜದಿಂದ ಪಾಯಿಂಟ್ 10 ಇಂಚು, ಪಾಯಿಂಟುಗಳ ಅಂತರ 7½ ಇಂಚು ಎಂದಿಟ್ಟುಕೊಳ್ಳಿ. ಆಗ ಮುಂಭಾಗದ ನಡುಗೆರೆಯಿಂದ 3¾ ಇಂಚು ಒಳಕ್ಕೆ, ಭುಜದಿಂದ 10 ಇಂಚು ಕೆಳಗೆ ಪಾಯಿಂಟ್ ಗುರುತು ಬೀಳುತ್ತದೆ. ಅಲ್ಲಿಂದ ಟಕ್ಸ್‌ಗಳನ್ನು ಹೀಗೆ ಹಾಕಿ ಶುರು ಮಾಡಬಹುದು:

ಸೊಂಟದ ಟಕ್ಸ್: ಬುಡದಲ್ಲಿ ಒಟ್ಟು 1½ ಇಂಚು ಅಗಲ, ಮೊನೆ ಪಾಯಿಂಟಿಗಿಂತ ¾ ಇಂಚು ಕೆಳಗೆ.
ಹುಕ್ ಪಟ್ಟಿಯ ಟಕ್ಸ್: ಒಟ್ಟು ½ ಇಂಚು, ಮೊನೆ ಪಾಯಿಂಟಿನಿಂದ 1½ ಇಂಚು ಇತ್ತ.
ಕಂಕುಳ ಟಕ್ಸ್: ಒಟ್ಟು ½ ಇಂಚು, ಮೊನೆ ಪಾಯಿಂಟಿನಿಂದ 2 ಇಂಚು ಇತ್ತ.
ಪಕ್ಕದ ಟಕ್ಸ್: ಒಟ್ಟು 1 ಇಂಚು, ಮೊನೆ ಪಾಯಿಂಟಿನಿಂದ 1½ ಇಂಚು ಇತ್ತ.

ಮೊನೆಯನ್ನು ಪಾಯಿಂಟಿನವರೆಗೆ ಒಯ್ಯಬಾರದೇಕೆ? ಟಕ್ಸ್ ಹಿಡಿದ ಬಟ್ಟೆ ಐಸ್‌ಕ್ರೀಂ ಕೋನಿನ ಹಾಗೆ ಚೂಪಾಗುತ್ತದೆ, ಮೈ ಚೂಪಾಗಿರುವುದಿಲ್ಲ, ದುಂಡಗಿರುತ್ತದೆ. ನಾಲ್ಕು ಮೊನೆಗಳ ನಡುವೆ ಬಿಟ್ಟ ಖಾಲಿ ಜಾಗದಲ್ಲಿ ಬಟ್ಟೆ ತಾನಾಗಿ ದುಂಡಗಾಗುತ್ತದೆ. ದೊಡ್ಡ ಅಳತೆಯವರಿಗೆ ಈ ಖಾಲಿ ಜಾಗವನ್ನು ಇನ್ನೂ ಅರ್ಧ ಇಂಚು ಹೆಚ್ಚಿಸಬೇಕು, ಸಣ್ಣ ಅಳತೆಯವರಿಗೆ ಸ್ವಲ್ಪ ಕಡಿಮೆ ಮಾಡಬಹುದು.

ಟಕ್ಸ್ ತಿನ್ನುವ ಬಟ್ಟೆಯನ್ನು ಕತ್ತರಿಸುವಾಗಲೇ ಸೇರಿಸಿರಬೇಕು. ಸೊಂಟ 30 ಇಂಚಾದರೆ ಮುಂಭಾಗದ ಒಂದು ಪೀಸಿನ ಸೊಂಟದ ಅಗಲ: ಕಾಲು ಭಾಗ 7½, ಸಡಿಲಕ್ಕೆ ¼, ಟಕ್ಸಿಗೆ 1½, ಹೊಲಿಗೆಯ ಆಚೆ ಬಿಡುವ ಬಟ್ಟೆಯಾದ ಪಕ್ಕದ ಮಾರ್ಜಿನ್‌ಗೆ 1½, ಒಟ್ಟು 10¾ ಇಂಚು. ಹುಕ್ ಪಟ್ಟಿಯ ಕಡೆಯ ಮಾರ್ಜಿನ್ ಬೇರೆ. ಟಕ್ಸಿನ 1½ ಇಂಚನ್ನು ಮರೆತು ಕತ್ತರಿಸಿದರೆ ಪಕ್ಕದ ಮಾರ್ಜಿನ್ ಪೂರ್ತಿ ಅದಕ್ಕೇ ಹೋಗುತ್ತದೆ, ಮುಂದೆ ಬಿಚ್ಚಿ ಸಡಿಲ ಮಾಡಲು ಏನೂ ಉಳಿಯುವುದಿಲ್ಲ.

ಇನ್ನೊಂದು ಸೂಕ್ಷ್ಮ. ಟಕ್ಸ್ ಮಡಿಚಿದಾಗ ಅದರ ಬುಡದ ಅಂಚು ನೆಟ್ಟಗೆ ಬರುವುದಿಲ್ಲ, ನಡುವೆ ಬಟ್ಟೆ ಸಾಲದೆ ಹೋಗಿ ತಗ್ಗು ಬೀಳುತ್ತದೆ. ಅದಕ್ಕೇ ಪೇಪರ್ ಪ್ಯಾಟರ್ನ್ ಮಾಡುವಾಗ ಟಕ್ಸನ್ನು ಪೇಪರಿನಲ್ಲೇ ಮಡಿಚಿ, ಹೊಲಿದ ಮೇಲೆ ಅದು ಯಾವ ಕಡೆ ಮಗುಚುತ್ತದೋ ಆ ಕಡೆಗೇ ಮಗುಚಿ, ಆಮೇಲೆ ಅಂಚಿನ ಗೆರೆಯನ್ನು ಕತ್ತರಿಸಿ. ಬಿಚ್ಚಿದರೆ ಬುಡದಲ್ಲಿ ಸಣ್ಣದೊಂದು ಗೋಪುರದ ಆಕಾರ ಕಾಣುತ್ತದೆ. ಆ ಗೋಪುರವೇ ಪಟ್ಟಿಯ ಹೊಲಿಗೆಯೊಳಗೆ ಸಿಕ್ಕಿಕೊಳ್ಳಬೇಕಾದ ಬಟ್ಟೆ.

ಟಕ್ಸ್ ಹೊಲಿಯುವ ಕ್ರಮ

ಎಡ, ಬಲ ಎರಡೂ ಪೀಸಿಗೆ ಗುರುತು ಒಂದೇ ರೀತಿ ಬೀಳಬೇಕು. ಕಣ್ಣಳತೆ ಬೇಡ. ಎರಡು ಪೀಸುಗಳನ್ನು ಒಳಮೈ ಹೊರಗೆ ಬರುವಂತೆ ಒಂದರ ಮೇಲೊಂದಿಟ್ಟು, ಟಕ್ಸಿನ ಬುಡದ ಎರಡು ತುದಿಗೂ ಮೊನೆಗೂ ಪಿನ್ ಚುಚ್ಚಿ, ಪಿನ್ ಹೊರಬಂದ ಕಡೆಯೆಲ್ಲ ಕೆಳಗಿನ ಪೀಸಿನ ಮೇಲೆ ಚಾಕಿನ (ಸೀಮೆಸುಣ್ಣದ) ಚುಕ್ಕೆ ಇಡಿ. ಚಾಕನ್ನು ಚೂಪಾಗಿ ಹೆರೆದಿಟ್ಟುಕೊಳ್ಳಿ, ದಪ್ಪ ಗೆರೆಯೇ ಕಾಲು ಇಂಚಿನ ತಪ್ಪು ಮಾಡುತ್ತದೆ. ಮೈಸೂರು ಸಿಲ್ಕಿನಂಥ ಬಟ್ಟೆಯಲ್ಲಿ ಪಿನ್ನಿನ ತೂತು ಉಳಿದುಬಿಡಬಹುದು, ಅದಕ್ಕೆ ಪಿನ್ನನ್ನು ಟಕ್ಸಿನ ಒಳಗೆ ಹೋಗುವ ಜಾಗದಲ್ಲಷ್ಟೇ ಚುಚ್ಚಿ.

ಲೈನಿಂಗ್ ಇರುವ ಬ್ಲೌಸಿಗೆ ಮೇಲಿನ ಬಟ್ಟೆಯನ್ನೂ ಲೈನಿಂಗನ್ನೂ ಜೋಡಿಸಿ ಒಟ್ಟಿಗೇ ಟಕ್ಸ್ ಹಿಡಿಯುವುದು ರೂಢಿ. ಇಲ್ಲಿ ಬಟ್ಟೆಗಳು ಒಂದರ ಮೇಲೊಂದು ಜಾರುತ್ತವೆ, ಒಂದರ ಟಕ್ಸ್ ಪೂರ್ತಿ ಬಿದ್ದರೆ ಇನ್ನೊಂದರದು ಅರ್ಧ ಬೀಳುತ್ತದೆ. ಪರಿಹಾರ ಸುಲಭ: ಮಡಿಚುವ ಮುಂಚೆ ಪ್ರತಿ ಟಕ್ಸಿನ ನಡುಗೆರೆಯ ಮೇಲೆ ಬುಡದಿಂದ ಮೊನೆಯವರೆಗೆ ಎರಡೂ ಬಟ್ಟೆ ಸೇರುವಂತೆ ಒಂದು ಉದ್ದ ಕುಟ್ಟಿನ ಕಚ್ಚಾ ಹೊಲಿಗೆ ಹಾಕಿ. ಮಡಿಕೆ ಆ ಗೆರೆಯ ಮೇಲೇ ಬೀಳುತ್ತದೆ.

ಹೊಲಿಗೆ ಹೀಗೆ:

1. ನಡುಗೆರೆಯ ಮೇಲೆ ಮಡಿಚಿ, ಎರಡು ಗೆರೆಗಳೂ ಒಂದರ ಮೇಲೊಂದು ಕೂತಿವೆಯೇ ಎಂದು ಪಿನ್ ಚುಚ್ಚಿ ಎರಡೂ ಮೈಯಿಂದ ನೋಡಿ.
2. ಬುಡದ ಕಡೆಯಿಂದ ಶುರು ಮಾಡಿ. ಮೂರು ಕುಟ್ಟು ಮುಂದೆ, ಮೂರು ಹಿಂದೆ ಹೊಲಿದು ಗಟ್ಟಿ ಮಾಡಿ.
3. ಗೆರೆಗುಂಟ ನೇರವಾಗಿ ಬನ್ನಿ. ಮೊನೆಗೆ ಒಂದು ಇಂಚು ಉಳಿದಾಗ ಕುಟ್ಟಿನ ಉದ್ದವನ್ನು 1.5 ಮಿಲಿಮೀಟರಿಗೆ ಇಳಿಸಿ.
4. ಕೊನೆಯ ಅರ್ಧ ಇಂಚಿನಲ್ಲಿ ಹೊಲಿಗೆ ಮಡಿಕೆಯ ಅಂಚಿಗೆ ಹತ್ತಿರ ಹತ್ತಿರ ಸರಿಯುತ್ತ ಬರಬೇಕು. ಕೊನೆಯ ಎರಡು ಮೂರು ಕುಟ್ಟು ಮಡಿಕೆಯಿಂದ ಒಂದೆರಡು ಎಳೆಯಷ್ಟೇ ಒಳಗೆ ಬಿದ್ದು, ಹಾಗೆಯೇ ಬಟ್ಟೆಯಿಂದ ಹೊರಗೆ ಜಾರಿಹೋಗಬೇಕು.
5. ಮೊನೆಯಲ್ಲಿ ರಿವರ್ಸ್ ಹೊಡೆಯಬೇಡಿ. ಮೂರು ಇಂಚು ದಾರ ಬಿಟ್ಟು ಕತ್ತರಿಸಿ, ಎರಡು ದಾರಗಳನ್ನು ಬಟ್ಟೆಗೆ ತಾಗುವಂತೆ, ಆದರೆ ಬಟ್ಟೆ ಸೆಳೆಯದಂತೆ ಎರಡು ಗಂಟು ಹಾಕಿ, ಅರ್ಧ ಇಂಚಿಗೆ ಕತ್ತರಿಸಿ.

ನಾಲ್ಕನೆಯ ಹೆಜ್ಜೆಯಲ್ಲೇ ಗುಳ್ಳೆಯ ಗುಟ್ಟಿದೆ. ಹೆಚ್ಚಿನವರು ಬುಡದಿಂದ ಮೊನೆಗೆ ಸ್ಕೇಲಿಟ್ಟ ಹಾಗೆ ನೇರ ಹೊಲಿದು ತಟ್ಟನೆ ನಿಲ್ಲಿಸುತ್ತಾರೆ, ಅಲ್ಲಿ ಬಟ್ಟೆ ಒಮ್ಮೆಲೇ ಬಿಚ್ಚಿಕೊಂಡು ಉಬ್ಬುತ್ತದೆ. ಐದನೆಯದೂ ಅಷ್ಟೇ ಮುಖ್ಯ. ರಿವರ್ಸ್ ಹೊಲಿಗೆ ಮೊನೆಯಲ್ಲಿ ಗಡುಸಾದ ಗಂಟಾಗಿ ಕೂರುತ್ತದೆ, ತೆಳು ರೇಷ್ಮೆಯಲ್ಲಿ ಹೊರಗಿನಿಂದಲೇ ಚುಕ್ಕೆಯಾಗಿ ಕಾಣುತ್ತದೆ.

ಗುಳ್ಳೆ ಈಗಾಗಲೇ ಬಿದ್ದಿದ್ದರೆ ಇಡೀ ಟಕ್ಸ್ ಬಿಚ್ಚುವ ಅಗತ್ಯವಿಲ್ಲ. ಮೊನೆಯ ಕಡೆಯ ಒಂದೂವರೆ ಇಂಚು ಮಾತ್ರ ಬಿಚ್ಚಿ, ಉಳಿದ ಹೊಲಿಗೆಯ ಮೇಲೆ ಅರ್ಧ ಇಂಚು ಹತ್ತಿಸಿಕೊಂಡು, ಹಳೆಯ ಮೊನೆಗಿಂತ ಕಾಲು ಇಂಚು ಮುಂದಕ್ಕೆ ಮೆಲ್ಲಗೆ ಇಳಿಸಿ.

ಇಸ್ತ್ರಿ ಅರ್ಧ ಕೆಲಸ

ಟಕ್ಸ್ ಹೊಲಿದ ತಕ್ಷಣ, ಇನ್ನೊಂದು ಹೊಲಿಗೆ ಅದನ್ನು ದಾಟುವ ಮುಂಚೆ, ಇಸ್ತ್ರಿ ಆಗಬೇಕು. ಮೊದಲು ಮಡಿಚಿದ ಸ್ಥಿತಿಯಲ್ಲೇ ಹೊಲಿಗೆಯ ಮೇಲೆ ಒತ್ತಿ, ಇದರಿಂದ ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಿಡಿಸಿ, ಸೊಂಟದ ಟಕ್ಸನ್ನು ನಡುವಿನ ಕಡೆಗೆ, ಪಕ್ಕದ ಟಕ್ಸನ್ನು ಕೆಳಕ್ಕೆ ಮಗುಚಿ. ಚಪ್ಪಟೆ ಮೇಜಿನ ಮೇಲೆ ಒತ್ತಿದರೆ ಕಷ್ಟಪಟ್ಟು ತಂದ ಉಬ್ಬು ಮತ್ತೆ ಚಪ್ಪಟೆಯಾಗಿ, ಮೊನೆಯ ಮುಂದೆ ಗೆರೆ ಬೀಳುತ್ತದೆ. ಟರ್ಕಿ ಟವೆಲ್ ಒಂದನ್ನು ಬಿಗಿಯಾಗಿ ಸುತ್ತಿ, ದಾರ ಕಟ್ಟಿ, ಅದರ ದುಂಡಿನ ಮೇಲೆ ಟಕ್ಸ್ ಇಟ್ಟು ಒತ್ತಿ. ಇಸ್ತ್ರಿ ಪೆಟ್ಟಿಗೆಯನ್ನು ತಿಕ್ಕಬೇಡಿ, ಎತ್ತಿ ಎತ್ತಿ ಇಡಿ.

ಹತ್ತಿಗೆ ನೀರು ಚಿಮುಕಿಸಿ ಬಿಸಿಯಾಗಿ ಒತ್ತಬಹುದು. ರೇಷ್ಮೆಗೆ ನೀರು ಚಿಮುಕಿಸಿದರೆ ಕಲೆ ಉಳಿಯುತ್ತದೆ, ಒಣಗಿದ ತೆಳು ಹತ್ತಿ ಬಟ್ಟೆ ಮೇಲೆ ಹಾಸಿ ಕಡಿಮೆ ಬಿಸಿಯಲ್ಲಿ ಒಳಮೈಯಿಂದ ಒತ್ತಿ. ಜರಿ ಇರುವ ಕಡೆಯಂತೂ ಪೆಟ್ಟಿಗೆ ನೇರವಾಗಿ ತಾಗಲೇಬಾರದು. ಟಕ್ಸ್ ಅಗಲವಾಗಿದ್ದು ಬಟ್ಟೆ ದಪ್ಪವಾಗಿದ್ದರೆ ಮಡಿಕೆಯನ್ನು ಮೊನೆಗೆ ಒಂದು ಇಂಚು ಉಳಿಸಿ ಸೀಳಿ, ಎರಡು ಕಡೆಗೂ ಬಿಡಿಸಿ ಒತ್ತಿದರೆ ಹೊರಗೆ ದಿಂಡು ಕಾಣುವುದಿಲ್ಲ. ಆದರೆ ಸೀಳಿದ ಟಕ್ಸನ್ನು ಮುಂದೆ ಸಡಿಲ ಮಾಡಲಾಗದು, ಬೆಳೆಯುವ ಹುಡುಗಿಯರ ಬ್ಲೌಸಿಗೆ ಇದು ಬೇಡ.

ತೊಟ್ಟು ನೋಡಿದಾಗ

ಪಕ್ಕದ ಹೊಲಿಗೆಯನ್ನು ಕಚ್ಚಾ ಹಾಕಿ ಒಮ್ಮೆ ತೊಡಿಸಿ ನೋಡಿ. ಸುಕ್ಕುಗಳು ಎಲ್ಲಿ ತಪ್ಪಿದೆ ಎಂದು ತೋರಿಸುತ್ತವೆ. ಕಂಕುಳ ಸುತ್ತಿನಲ್ಲಿ ಬಟ್ಟೆ ಬಾಯಿ ಬಿಟ್ಟಿದ್ದರೆ ಕಂಕುಳ ಟಕ್ಸ್ ಕಾಲು ಇಂಚು ಹೆಚ್ಚಬೇಕು. ಪಕ್ಕದಿಂದ ಎದೆಯ ಕಡೆಗೆ ಓರೆ ಗೆರೆಗಳು ಎಳೆದುಕೊಂಡಿದ್ದರೆ ಉಬ್ಬಿಗೆ ಬಟ್ಟೆ ಸಾಲದು, ಪಕ್ಕದ ಟಕ್ಸ್ ಅಗಲವಾಗಬೇಕು, ಅದಕ್ಕೆ ತಕ್ಕಂತೆ ಮುಂಭಾಗದ ಉದ್ದವೂ ಬೇಕು. ಸೊಂಟದ ಪಟ್ಟಿ ಮುಂದೆ ಮೇಲಕ್ಕೆ ಏರುತ್ತಿದ್ದರೂ ಕಾರಣ ಅದೇ, ಉದ್ದ ಸಾಲದು. ಮೊನೆಗಳು ಪಾಯಿಂಟಿಗಿಂತ ಮೇಲೆ ಬಿದ್ದಿದ್ದರೆ ಅಲ್ಲಿ ಬಟ್ಟೆ ಗುಳಿ ಬಿದ್ದ ಹಾಗೆ ಕಾಣುತ್ತದೆ. ಇದು ಅಳತೆ ತೆಗೆಯುವಾಗ ಟೇಪನ್ನು ಭುಜದ ಮೇಲ್ತುದಿಯಿಂದ ಹಿಡಿಯದೆ ಅದಕ್ಕಿಂತ ಕೆಳಗಿನಿಂದ ಹಿಡಿದಾಗ ಆಗುವ ತಪ್ಪು.

ಬುಟ್ಟಾ ದಟ್ಟವಾಗಿರುವ ಬಟ್ಟೆಯಲ್ಲಿ, ಗುಳೇದಗುಡ್ಡದ ಖಣದಂಥದ್ದರಲ್ಲಿ, ಟಕ್ಸ್ ಬುಟ್ಟಾದ ನಡುವೆ ಹಾಯ್ದರೆ ವಿನ್ಯಾಸ ಒಡೆಯುತ್ತದೆ. ಅಲ್ಲಿ ನಾಲ್ಕರ ಬದಲು ಎರಡೇ ಟಕ್ಸ್, ಸೊಂಟದ್ದು ಮತ್ತು ಪಕ್ಕದ್ದು, ಸ್ವಲ್ಪ ಅಗಲವಾಗಿ ಹಿಡಿಯುವುದು ನಮ್ಮ ಮಟ್ಟಿಗೆ ಉತ್ತಮ.

ಪ್ರಿನ್ಸೆಸ್ ಕಟ್: ಟಕ್ಸೇ ಜೋಡಣೆಯಾದಾಗ

ಕಂಕುಳ ಟಕ್ಸನ್ನೂ ಸೊಂಟದ ಟಕ್ಸನ್ನೂ ಒಂದೇ ಗೆರೆಯಾಗಿ ಸೇರಿಸಿ, ಆ ಗೆರೆಯ ಮೇಲೆ ಕತ್ತರಿಸಿ ಎರಡು ಪೀಸು ಮಾಡಿದರೆ ಅದು ಪ್ರಿನ್ಸೆಸ್ ಕಟ್. ಪೇಪರಿನಲ್ಲಿ ಮಾಡುವುದು ಕಷ್ಟವಲ್ಲ. ಪಕ್ಕದ ಟಕ್ಸನ್ನು ಪಾಯಿಂಟಿನವರೆಗೆ ಕತ್ತರಿಸಿ, ಕಂಕುಳಿನಿಂದ ಪಾಯಿಂಟಿನವರೆಗೆ ಇನ್ನೊಂದು ಗೆರೆ ಕತ್ತರಿಸಿ, ಪಕ್ಕದ್ದನ್ನು ಮುಚ್ಚಿ ಟೇಪು ಅಂಟಿಸಿ. ಮುಚ್ಚಿದಷ್ಟೂ ಕಂಕುಳಲ್ಲಿ ತೆರೆದುಕೊಳ್ಳುತ್ತದೆ. ಟಕ್ಸನ್ನು ಎಲ್ಲಿಂದ ಎಲ್ಲಿಗಾದರೂ ಸರಿಸುವ ವಿಧಾನ ಇದೇ, ಪಾಯಿಂಟ್ ಮಾತ್ರ ಕದಲಬಾರದು.

ಹೊಲಿಯುವಾಗ ನಡುವಿನ ಪೀಸಿನ ಅಂಚು ಒಳಬಾಗಿ, ಪಕ್ಕದ ಪೀಸಿನದು ಹೊರಬಾಗಿ ಇರುತ್ತದೆ. ಕೈಗೆ ಸಿಕ್ಕಂತೆ ಸೇರಿಸಿದರೆ ಕೂಡುವುದಿಲ್ಲ. ನಡುವಿನ ಪೀಸಿನ ಹೊಲಿಗೆ ಗೆರೆಗಿಂತ ಒಂದು ಎಳೆ ಹೊರಗೆ, ಮಾರ್ಜಿನ್ ಒಳಗೆ ಒಂದು ಹೊಲಿಗೆ ಹಾಕಿ. ಆಮೇಲೆ ಅರ್ಧರ್ಧ ಇಂಚಿಗೊಂದು ಕತ್ತರಿ ಗೀರನ್ನು ಆ ಹೊಲಿಗೆಯವರೆಗೆ ಕೊಡಿ, ದಾಟಬಾರದು. ಈಗ ಆ ಅಂಚು ಬಿಚ್ಚಿಕೊಂಡು ಪಕ್ಕದ ಪೀಸಿನ ಉಬ್ಬನ್ನು ಸುತ್ತುತ್ತದೆ. ಗೀರು ಕೊಟ್ಟ ಪೀಸು ಮೇಲೆ ಇಟ್ಟು ಹೊಲಿಯಿರಿ. ಹೊಲಿದ ಮೇಲೆ ಪಕ್ಕದ ಪೀಸಿನ ಮಾರ್ಜಿನ್‌ನಿಂದ ಸಣ್ಣ ಸಣ್ಣ ತ್ರಿಕೋನಗಳನ್ನು ತೆಗೆದು, ಟವೆಲ್ ಸುರುಳಿಯ ಮೇಲೆ ಬಿಡಿಸಿ ಒತ್ತಿ.

ಫ್ರಿಲ್ ಹಿಡಿಯುವುದು

ಟಕ್ಸ್ ಒಂದು ಬಿಂದುವಿನ ಕಡೆಗೆ ಆಕಾರ ಕೊಟ್ಟರೆ ಫ್ರಿಲ್ ಇಡೀ ಸಾಲಿಗೆ ತುಂಬು ಕೊಡುತ್ತದೆ. ಬಟ್ಟೆ ಎಷ್ಟು ಬೇಕು ಎನ್ನುವುದು ಅದರ ದಪ್ಪದ ಮೇಲೆ ಹೋಗುತ್ತದೆ. ದಪ್ಪ ಹತ್ತಿಗೆ ಒಂದೂವರೆ ಪಟ್ಟು, ಪಾಪ್ಲಿನ್‌ಗೆ ಎರಡು ಪಟ್ಟು, ಜಾರ್ಜೆಟ್, ಶಿಫಾನ್, ನೆಟ್‌ಗೆ ಎರಡೂವರೆಯಿಂದ ಮೂರು ಪಟ್ಟು. ಕಡಿಮೆಯಾದರೆ ತೆಳು ಬಟ್ಟೆ ಬಡಕಲಾಗಿ ಕಾಣುತ್ತದೆ, ಹೆಚ್ಚಾದರೆ ದಪ್ಪ ಬಟ್ಟೆ ಸೊಂಟದಲ್ಲಿ ಮೂಟೆಯಾಗುತ್ತದೆ.

ಮಿಷನ್ನಿನ ಕುಟ್ಟನ್ನು 4ರಿಂದ 5 ಮಿಲಿಮೀಟರಿಗೆ ಹೆಚ್ಚಿಸಿ, ಮೇಲಿನ ದಾರದ ಟೆನ್ಷನ್ ಒಂದಿಷ್ಟು ಸಡಿಲಿಸಿ. ಮಾರ್ಜಿನ್ ½ ಇಂಚಾದರೆ ಅಂಚಿನಿಂದ ⅜ ಇಂಚಿಗೆ ಒಂದು ಸಾಲು, ⅝ ಇಂಚಿಗೆ ಇನ್ನೊಂದು ಸಾಲು ಹೊಲಿಯಿರಿ, ಎರಡು ತುದಿಗೂ ಉದ್ದ ದಾರ ಬಿಡಿ. ನಿಜವಾದ ಹೊಲಿಗೆ ಈ ಎರಡರ ನಡುವೆ ಬರುತ್ತದೆ, ಆಮೇಲೆ ಹೊರಗೆ ಕಾಣುವ ಸಾಲನ್ನು ಎಳೆದು ತೆಗೆಯಬಹುದು. ಒಂದೇ ಸಾಲಿನಲ್ಲಿ ಹಿಡಿದ ಫ್ರಿಲ್ ಹೊಲಿಯುವಾಗ ತಿರುಗಿ ಮಡಿಚಿಕೊಳ್ಳುತ್ತದೆ, ಎರಡು ಸಾಲು ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಸೂಜಿ ತೂತು ಉಳಿಯುವ ರೇಷ್ಮೆಗಾದರೆ ಎರಡೂ ಸಾಲನ್ನು ಮಾರ್ಜಿನ್ ಒಳಗೇ ಇಡಿ.

ಎಳೆಯುವುದು ಕೆಳಗಿನ, ಅಂದರೆ ಬಾಬಿನ್ ದಾರಗಳನ್ನು. ಎಳೆಯುವ ಮುಂಚೆ ಫ್ರಿಲ್ ಬಟ್ಟೆಯನ್ನೂ ಅದು ಕೂಡುವ ಸೊಂಟವನ್ನೂ ಎಂಟು ಸಮಭಾಗ ಮಾಡಿ ಗುರುತು ಹಾಕಿ. ಗುರುತಿಗೆ ಗುರುತು ಪಿನ್ ಮಾಡಿ, ಪ್ರತಿ ಭಾಗದಲ್ಲಿ ಬೇರೆಬೇರೆಯಾಗಿ ಸುಕ್ಕನ್ನು ಹಂಚಿ. ಇಲ್ಲದಿದ್ದರೆ ಮುಂದೆ ಬಡಕಲು, ಹಿಂದೆ ಗುಡ್ಡೆ. ಉದ್ದದ ಬಟ್ಟೆಗೆ ಒಂದೇ ದಾರ ಎಳೆದರೆ ನಡುವೆ ಕಿತ್ತುಹೋಗುತ್ತದೆ, ಒಂದು ಮೀಟರಿಗೊಮ್ಮೆ ಹೊಲಿಗೆ ನಿಲ್ಲಿಸಿ ಹೊಸದಾಗಿ ಶುರು ಮಾಡಿ. ಜೋಡಣೆಯ ದಪ್ಪದ ಮೇಲೂ ಹೊಲಿಗೆ ಹಾಯಿಸಬೇಡಿ, ಅಲ್ಲಿ ದಾರ ಸಿಕ್ಕಿಕೊಳ್ಳುತ್ತದೆ.

ಸೇರಿಸುವಾಗ ಫ್ರಿಲ್ ಮೇಲ್ಗಡೆ ಇರಲಿ, ಕೆಳಗಿದ್ದರೆ ಮಿಷನ್ನಿನ ಹಲ್ಲು ಅದನ್ನು ಎಲ್ಲೆಲ್ಲೋ ತಳ್ಳುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟಿನ ಮುಂದೆ ದಪ್ಪ ಸೂಜಿಯ ಮೊನೆಯಿಂದ ಸುಕ್ಕುಗಳನ್ನು ಸರಿಪಡಿಸುತ್ತ ನಿಧಾನವಾಗಿ ಹೊಲಿಯಿರಿ. ಇಸ್ತ್ರಿ ಮಾರ್ಜಿನ್‌ನ ಮೇಲೆ ಮಾತ್ರ. ಫ್ರಿಲ್ ಮೇಲೆ ಪೆಟ್ಟಿಗೆಯ ಮೂತಿ ಅಷ್ಟೇ ಒಳಗೆ ಹೋಗಲಿ.

ಲಂಗದ ನಿರಿಗೆ

ಅಂಚಿರುವ ರೇಷ್ಮೆ ಬಟ್ಟೆಯ ಮಕ್ಕಳ ಲಂಗದಲ್ಲಿ ಬಟ್ಟೆಯ ಅಗಲವೇ ಲಂಗದ ಉದ್ದವಾಗುತ್ತದೆ, ಮೀಟರ್ ಲೆಕ್ಕದ ಉದ್ದ ಸುತ್ತಳತೆಯಾಗುತ್ತದೆ. ಇದಕ್ಕೆ ಫ್ರಿಲ್‌ಗಿಂತ ನಿರಿಗೆ ವಾಸಿ. ಬಟ್ಟೆ ಚಪ್ಪಟೆಯಾಗಿ ಕೂರುತ್ತದೆ, ಅಂಚು ಅಲೆಅಲೆಯಾಗಿ ಚೆನ್ನಾಗಿ ಕಾಣುತ್ತದೆ.

ಒಂದೇ ಕಡೆಗೆ ಮಗುಚಿದ ತುಂಬು ನಿರಿಗೆಗೆ ಲೆಕ್ಕ ಸರಳ: ಕಾಣುವುದು ಒಂದು ಪಾಲು, ಒಳಗೆ ಅಡಗುವುದು ಎರಡು ಪಾಲು. ಪಟ್ಟಿಯ ಸೊಂಟ 24 ಇಂಚು ಎಂದರೆ ಒಂದು ಇಂಚು ಕಾಣುವ 24 ನಿರಿಗೆ, ಒಟ್ಟು 72 ಇಂಚು. ಎರಡು ತುದಿಯ ಮಾರ್ಜಿನ್‌ಗೆ 2 ಇಂಚು ಸೇರಿಸಿ 74 ಇಂಚು, ಅಂದರೆ ಸುಮಾರು 1.9 ಮೀಟರ್. ಎರಡು ಮೀಟರ್ ಕೊಂಡರೆ ಸಾಕು.

ಚಾಕಿನಿಂದ ಅಂಚಿನ ಮೇಲೆ ಸರದಿಯಲ್ಲಿ ಒಂದು ಇಂಚು, ಎರಡು ಇಂಚು, ಒಂದು ಇಂಚು, ಎರಡು ಇಂಚು ಎಂದು ಗುರುತು ಹಾಕುತ್ತ ಹೋಗಿ. ಟೇಪನ್ನು ಪ್ರತಿ ಸಲ ಎತ್ತಿ ಇಡಬೇಡಿ, ಒಮ್ಮೆ ಹಾಸಿ ಉದ್ದಕ್ಕೂ ಗುರುತು ಮಾಡಿ. ಒಂದೊಂದು ನಿರಿಗೆಯಲ್ಲಿ ಇಂಚಿನ ಎಂಟರಲ್ಲೊಂದು ಭಾಗ ತಪ್ಪಿದರೆ 24 ನಿರಿಗೆಗೆ ಮೂರು ಇಂಚು ತಪ್ಪುತ್ತದೆ. ಕೆಳಗಿನ ಅಂಚನ್ನು ಮಡಿಚಿ ಹೊಲಿಯುವುದಿದ್ದರೆ ಅದನ್ನು ನಿರಿಗೆಗಿಂತ ಮುಂಚೆ ಮುಗಿಸಿ, ಶಾಲೆಯ ಸ್ಕರ್ಟಿಗೂ ಇದೇ ಕ್ರಮ. ನಿರಿಗೆ ಹಿಡಿದ ಮೇಲೆ ಸೊಂಟದಲ್ಲಿ ಒಂದು ಸಾಲು, ಅದಕ್ಕೆ ಎರಡು ಇಂಚು ಕೆಳಗೆ ಇನ್ನೊಂದು ಸಾಲು ಕಚ್ಚಾ ಹೊಲಿಗೆ ಹಾಕಿ, ಪಟ್ಟಿ ಸೇರಿಸಿ, ಇಸ್ತ್ರಿ ಮುಗಿದ ಮೇಲೆ ಕೆಳಗಿನದನ್ನು ಬಿಚ್ಚಿ.

ಇಸ್ತ್ರಿ ಮಾಡುವಾಗ ಒಳಮಡಿಕೆಯ ಅಂಚು ಹೊರಮೈಯಲ್ಲಿ ಅಚ್ಚಾಗುತ್ತದೆ. ಪ್ರತಿ ಮಡಿಕೆಯ ಕೆಳಗೆ ಒಂದು ಕಾಗದದ ಪಟ್ಟಿ ಸೇರಿಸಿ ಒತ್ತಿದರೆ ಅಚ್ಚು ಬೀಳುವುದಿಲ್ಲ. ಶಾಲೆಯ ಸ್ಕರ್ಟಿನ ಪಾಲಿಯೆಸ್ಟರ್ ಮಿಶ್ರ ಬಟ್ಟೆ ನಿರಿಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಪ್ಪಟ ಹತ್ತಿ ಒಗೆದ ಕೂಡಲೇ ಬಿಟ್ಟುಕೊಡುತ್ತದೆ. ಹತ್ತಿಗೆ ಪ್ರತಿ ನಿರಿಗೆಯ ಮಡಿಕೆಯಂಚಿನಲ್ಲೇ ಒಂದು ಸಾಲು ಹೊಲಿಗೆ ಹಾಕಿದರೆ ಗೆರೆ ಉಳಿಯುತ್ತದೆ. ಬಾಕ್ಸ್ ನಿರಿಗೆ ಎಂದರೆ ಎರಡು ನಿರಿಗೆಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮಗುಚಿದ್ದು, ಬಟ್ಟೆಯ ಲೆಕ್ಕ ಬದಲಾಗುವುದಿಲ್ಲ.

ಮಕ್ಕಳ ಲಂಗಕ್ಕೆ ಕೆಳಗಂಚಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಎರಡು ಮೂರು ಮಡಿಕೆ ಹೊಲಿಯುವ ವಾಡಿಕೆ ಬಲು ಉಪಯುಕ್ತ. ಅರ್ಧ ಇಂಚಿನ ಒಂದು ಮಡಿಕೆ ಒಂದು ಇಂಚು ಬಟ್ಟೆ ಹಿಡಿದಿಡುತ್ತದೆ, ಮೂರು ಮಡಿಕೆಗೆ ಮೂರು ಇಂಚು. ಮಗು ಬೆಳೆದಂತೆ ಒಂದೊಂದಾಗಿ ಬಿಚ್ಚಬಹುದು. ಉದ್ದ ಕುಟ್ಟಿನಲ್ಲಿ ಹೊಲಿದರೆ ಬಿಚ್ಚುವಾಗ ಬಟ್ಟೆ ಹರಿಯುವುದಿಲ್ಲ. ಬಹಳ ಕಾಲ ಹಾಗೇ ಬಿಟ್ಟರೆ ಮಾತ್ರ ಮಡಿಕೆಯ ಅಂಚು ಬಣ್ಣ ಮಾಸಿ ಗೆರೆಯಾಗುತ್ತದೆ. ಕುರ್ತಾದ ಎದೆಯ ಪಿನ್ ಟಕ್ಸಿಗೂ ಇದೇ ಲೆಕ್ಕ: ಎಂಟರಲ್ಲೊಂದು ಇಂಚಿನ ಮಡಿಕೆ ಕಾಲು ಇಂಚು ತಿನ್ನುತ್ತದೆ, ಹತ್ತು ಮಡಿಕೆಗೆ ಎರಡೂವರೆ ಇಂಚು. ಮೊದಲು ಪಿನ್ ಟಕ್ಸ್ ಹೊಲಿದು, ಆಮೇಲೆ ಪ್ಯಾಟರ್ನ್ ಇಟ್ಟು ಕತ್ತರಿಸಿ.

ತೋಳಿನ ತಲೆ, ಕ್ರಾಸ್ ಪೀಸ್, ಅಂಬ್ರೆಲ್ಲಾ

ತೋಳಿನ ಮೇಲಿನ ಕಮಾನು ಕಂಕುಳ ಸುತ್ತಿಗಿಂತ ಸ್ವಲ್ಪ ಉದ್ದವಿರಬೇಕು, ಬ್ಲೌಸಿಗೆ ಅರ್ಧದಿಂದ ಒಂದು ಇಂಚು. ಈ ಹೆಚ್ಚನ್ನು ಸುಕ್ಕಿಲ್ಲದೆ ನುಂಗಿಸುವುದೇ ಕೆಲಸ. ಕಮಾನಿನ ಮೇಲರ್ಧಕ್ಕೆ 4 ಮಿಲಿಮೀಟರ್ ಕುಟ್ಟಿನ ಒಂದು ಸಾಲು ಹಾಕಿ, ಬಾಬಿನ್ ದಾರವನ್ನು ಬಟ್ಟೆ ಬಟ್ಟಲಿನ ಹಾಗೆ ಬಾಗುವಷ್ಟೇ ಎಳೆಯಿರಿ, ಸುಕ್ಕು ಕಾಣುವಷ್ಟು ಬೇಡ. ಹೆಚ್ಚನ್ನು ಭುಜದ ಎರಡೂ ಬದಿಗೆ ಹಂಚಿ. ಕಂಕುಳ ಕೆಳಭಾಗದಲ್ಲಿ ಹೆಚ್ಚು ಸೇರಿಸಿದರೆ ತೋಳೆತ್ತಿದಾಗ ಬಟ್ಟೆ ಒತ್ತುತ್ತದೆ. ಪಾಲಿಯೆಸ್ಟರ್ ಬಟ್ಟೆ ಹೀಗೆ ನುಂಗಿಕೊಳ್ಳುವುದಿಲ್ಲ, ಅದಕ್ಕೆ ಅರ್ಧ ಇಂಚು ಮೀರಬೇಡಿ.

ಕತ್ತಿನ ದುಂಡಿಗೆ ಹಾಕುವ ಕ್ರಾಸ್ ಪೀಸನ್ನು ಸರಿಯಾಗಿ 45 ಡಿಗ್ರಿಯಲ್ಲಿ, 1¼ ಇಂಚು ಅಗಲಕ್ಕೆ ಕತ್ತರಿಸಿ. ದುಂಡಿನ ಕಡೆ ಪಟ್ಟಿಯನ್ನು ಕೊಂಚ ಎಳೆದು ಹಿಡಿದು ಹೊಲಿಯಬೇಕು, ಆಗ ಒಳಕ್ಕೆ ಮಗುಚಿದಾಗ ಅದು ಮೈಗೆ ಅಂಟಿ ಕೂರುತ್ತದೆ. ಸಡಿಲ ಬಿಟ್ಟರೆ ಕತ್ತು ಹೊರಕ್ಕೆ ಬಾಯಿ ತೆರೆಯುತ್ತದೆ. ಮಾರ್ಜಿನ್‌ಗೆ ಕಾಲು ಇಂಚಿಗೊಂದು ಗೀರು ಕೊಡುವುದನ್ನು ಬಿಡಬೇಡಿ. ಆಳವಾದ ಕತ್ತಾದರೆ ಕತ್ತರಿಸಿದ ಕೂಡಲೇ ಅಂಚಿನ ಸುತ್ತ ಒಂದು ಸಾದಾ ಹೊಲಿಗೆ ಹಾಕಿಡಿ, ಕೈಯಲ್ಲಿ ಆಡುವಾಗಲೇ ಅದು ಹಿಗ್ಗಿಹೋಗುತ್ತದೆ.

ಹಿಡಿತವೂ ಇಲ್ಲದೆ, ಸುಕ್ಕೂ ಇಲ್ಲದೆ ತುಂಬು ತರುವುದು ಪೂರ್ಣ ವೃತ್ತವಾಗಿ ಕತ್ತರಿಸುವ ಅಂಬ್ರೆಲ್ಲಾ ಲಂಗ. ಸೊಂಟದ ಸುತ್ತಳತೆಯನ್ನು 6.28ರಿಂದ ಭಾಗಿಸಿದರೆ ಒಳವೃತ್ತದ ತ್ರಿಜ್ಯ ಸಿಗುತ್ತದೆ. 28 ಇಂಚು ಸೊಂಟಕ್ಕೆ ಸುಮಾರು 4½ ಇಂಚು. ಇದು ಹೊಲಿಗೆಯ ಗೆರೆ, ಕತ್ತರಿ ಅರ್ಧ ಇಂಚು ಒಳಗೆ, 4 ಇಂಚಿಗೆ ಬೀಳಬೇಕು. ಹೊಲಿಗೆ ಗೆರೆಗೇ ಕತ್ತರಿಸಿದರೆ ಸೊಂಟ 31 ಇಂಚು ದಾಟುತ್ತದೆ. ಪಟ್ಟಿ ಸೇರಿಸಿದ ಮೇಲೆ ಕೆಳಗಂಚನ್ನು ಕೂಡಲೇ ಹೊಲಿಯದೆ ಒಂದು ದಿನ ಹ್ಯಾಂಗರಿಗೆ ತೂಗುಹಾಕಿ. ಕ್ರಾಸ್ ಎಳೆಯ ಕಡೆಗಳಲ್ಲಿ ಬಟ್ಟೆ ಇಳಿದು ಉದ್ದವಾಗುತ್ತದೆ, ಜಾರ್ಜೆಟ್‌ನಲ್ಲಂತೂ ಎದ್ದು ಕಾಣುವಷ್ಟು ಇಳಿಯುತ್ತದೆ. ಆಮೇಲೆ ಲಂಗ ತೊಡಿಸಿ, ನೆಲದಿಂದ ಸ್ಕೇಲ್ ನಿಲ್ಲಿಸಿ ಸುತ್ತಲೂ ಒಂದೇ ಎತ್ತರಕ್ಕೆ ಗುರುತು ಹಾಕಿ, ಹೆಚ್ಚಾದದ್ದನ್ನು ಕತ್ತರಿಸಿ, ಕಾಲು ಇಂಚಿನ ಸಣ್ಣ ಮಡಿಕೆಯಲ್ಲಿ ಅಂಚು ಮುಗಿಸಿ. ಅಗಲ ಮಡಿಕೆ ಹಾಕಿದರೆ ದುಂಡಂಚು ಒಳಗೆ ಸುಕ್ಕುಗಟ್ಟುತ್ತದೆ.